ಓ-ಯು-ಜಿ-ಎಚ್ ಕಾಟ: ದೋ, ಥ್ರೂ, ಥರೋ, ಟಫ್, ಥಾಟ್ ಪದಗಳನ್ನು ಗೊಂದಲವಿಲ್ಲದೆ ಕಲಿಯುವುದು ಹೇಗೆ?

‘ಟಿ-ಎಚ್-ಓ-ಯು-ಜಿ-ಎಚ್ ಅಂದರೆ ದೋ. ಅದರಿಂದ ಮೊದಲ ಎಚ್ ತೆಗೆದರೆ ಟಫ್. ಎಚ್ ಇಟ್ಟುಕೊಂಡು ಆರ್ ಸೇರಿಸಿದರೆ ಥ್ರೂ. ಇದಕ್ಕೆ ರೂಲ್ ಏನು?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿದ್ದಾರೆ, ಬ್ಯಾಂಕ್ ಪರೀಕ್ಷೆಗೆ ಓದುವವರಿದ್ದಾರೆ, ಮಗಳಿಗೆ ಡಿಕ್ಟೇಶನ್ ಕೊಡಲು ಕೂತು ತಾವೇ ತಡವರಿಸಿದ ಅಪ್ಪ ಅಮ್ಮಂದಿರೂ ಇದ್ದಾರೆ.

ನೇರವಾಗಿ ಹೇಳುತ್ತೇನೆ. ಎಲ್ಲ ಪದಗಳಿಗೂ ಹೊಂದುವ ಒಂದೇ ರೂಲ್ ಇಲ್ಲ. ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಗಂತ ಗಾಬರಿಯಾಗುವಂಥದ್ದೂ ಏನಿಲ್ಲ. ದಿನಬಳಕೆಗೆ ಬೇಕಾಗುವ ಪದಗಳು ಇಪ್ಪತ್ತೈದರ ಆಸುಪಾಸಿನಲ್ಲಿವೆ, ಅಷ್ಟೇ. ಅವುಗಳಲ್ಲಿ ಎಷ್ಟೋ ಪದಗಳು ನಿಮ್ಮ ಬಾಯಲ್ಲಿ ಈಗಾಗಲೇ ಇವೆ. ರಫ್ ಬುಕ್, ಕಾಫ್ ಸಿರಪ್ ಅಂತೆಲ್ಲ ಕನ್ನಡ ಮಾತಾಡುವಾಗಲೇ ಹೇಳುತ್ತೇವೆ, ಅಲ್ವಾ? ಕಿವಿಗೆ ಪದ ಗೊತ್ತು, ಕಣ್ಣಿಗೆ ಅದರ ಸ್ಪೆಲ್ಲಿಂಗ್ ಗೊತ್ತಿಲ್ಲ. ಆದ್ದರಿಂದ ಸ್ಪೆಲ್ಲಿಂಗ್ ನೋಡಿ ಸದ್ದು ಊಹಿಸಲು ಹೋಗಬೇಡಿ. ಗೊತ್ತಿರುವ ಸದ್ದಿನಿಂದ ಸ್ಪೆಲ್ಲಿಂಗ್ ಕಡೆಗೆ ಬನ್ನಿ. ಕೆಳಗಿನ ಹಂತಗಳೆಲ್ಲ ಈ ದಾರಿಯಲ್ಲೇ ಸಾಗುತ್ತವೆ.

ಏನೇನು ಬೇಕು?

ಒಂದು ನೋಟ್‌ಬುಕ್, ಒಂದು ಪೆನ್, ಸದ್ದು ಕೇಳಿಸುವ ಡಿಕ್ಷನರಿ ಇರುವ ಮೊಬೈಲ್. ಕೇಂಬ್ರಿಡ್ಜ್ ಡಿಕ್ಷನರಿಯ ವೆಬ್‌ಸೈಟ್ ಸಾಕು. ಪದದ ಪಕ್ಕದ ಸ್ಪೀಕರ್ ಗುರುತು ಒತ್ತಿದರೆ ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರಣೆ ಎರಡೂ ಕೇಳಿಸುತ್ತವೆ. ದುಡ್ಡು ಕೊಟ್ಟು ಆ್ಯಪ್ ಕೊಳ್ಳುವ ಅಗತ್ಯ ಇಲ್ಲ.

ಮುಂದೆ ಎರಡು ಮಾತು ಪದೇ ಪದೇ ಬರುತ್ತವೆ. ‘ಬಾಲ’ ಅಂದರೆ ಓ-ಯು-ಜಿ-ಎಚ್ ಎಂಬ ನಾಲ್ಕು ಅಕ್ಷರ. ‘ತಲೆ’ ಅಂದರೆ ಬಾಲಕ್ಕಿಂತ ಮುಂಚೆ ಬರುವ ಅಕ್ಷರಗಳು. ಉದಾಹರಣೆಗೆ, ರಫ್ ಎಂಬ ಪದದ ತಲೆ ಆರ್ ಮಾತ್ರ. ಪ್ರತಿ ಸಲ ನಾಲ್ಕೂ ಅಕ್ಷರ ಬರೆಯುತ್ತಾ ಕೂತರೆ ನಿಮಗೂ ಬೇಜಾರು, ನನಗೂ ಬೇಜಾರು.

ಯಾಕೆ ಹೀಗೆ?

ಬೇಡ ಅನ್ನಿಸಿದರೆ ಈ ಭಾಗ ಬಿಟ್ಟು ನೇರ ಹಂತ 1ಕ್ಕೆ ಹೋಗಿ. ಜಿ-ಎಚ್ ಮೊದಲು ಸುಮ್ನೆ ಕೂತ ಅಕ್ಷರಗಳಾಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅಲ್ಲೊಂದು ನಿಜವಾದ ಸದ್ದಿತ್ತು. ಉರ್ದು ಬಲ್ಲವರು ‘ಖಬರ್’ ಎನ್ನುವಾಗ ಗಂಟಲು ಉಜ್ಜಿದಂತೆ ಒಂದು ಸದ್ದು ಬರುತ್ತದಲ್ಲ, ಹೆಚ್ಚುಕಡಿಮೆ ಅದೇ. ಕಾಲ ಕಳೆದಂತೆ ಇಂಗ್ಲಿಷರ ಬಾಯಿಂದ ಆ ಸದ್ದು ಹೋಯಿತು. ಕೆಲವು ಪದಗಳಲ್ಲಿ ಪೂರ್ತಿ ಅಳಿಸಿಹೋಯಿತು, ಕೆಲವದರಲ್ಲಿ ‘ಫ್’ ಆಗಿ ಉಳಿಯಿತು. ಅದರ ಹಿಂದಿನ ಸ್ವರಗಳೂ ಒಂದೊಂದು ಪದದಲ್ಲಿ ಒಂದೊಂದು ಥರ ಬದಲಾದವು. ಇದೆಲ್ಲ ನಡೆಯುತ್ತಿದ್ದ ಕಾಲದಲ್ಲೇ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ಶುರುಮಾಡಿದ. ಅಚ್ಚಾಗುತ್ತಾ ಆಗುತ್ತಾ ಸ್ಪೆಲ್ಲಿಂಗ್ ನಿಧಾನಕ್ಕೆ ಗಟ್ಟಿಯಾಯಿತು. ಬಾಯಿ ಮಾತ್ರ ಮುಂದಕ್ಕೆ ಹೋಯಿತು. ಬರೆದ ಹಾಗೇ ಓದುವ ಕನ್ನಡದಿಂದ ಬಂದವರಿಗೆ ಇದು ಅನ್ಯಾಯ ಅನ್ನಿಸಿದರೆ ತಪ್ಪಿಲ್ಲ.

ಹಂತ 1: ಕಿವಿಗೆ ಗೊತ್ತಿರುವ ಆರು ಪದ ಬರೆದುಕೊಳ್ಳಿ

ನೋಟ್‌ಬುಕ್ಕಿನಲ್ಲಿ ಆರು ಪುಟ ಬಿಡಿ. ಒಂದೊಂದು ಪುಟದ ತಲೆಬರಹವಾಗಿ ಒಂದೊಂದು ಪದ ಇಂಗ್ಲಿಷಿನಲ್ಲಿ ಬರೆಯಿರಿ.

1. ರಫ್ (ರಫ್ ಬುಕ್‌ನ ರಫ್). ಇದು ‘ಅಫ್’ ಗುಂಪು.
2. ಕಾಫ್ (ಕಾಫ್ ಸಿರಪ್‌ನ ಕಾಫ್, ಅಂದರೆ ಕೆಮ್ಮು). ಇದು ‘ಆಫ್’ ಗುಂಪು.
3. ಡೋನಟ್ (ಬೇಕರಿಯಲ್ಲಿ ಸಿಗುವ, ನಡುವೆ ತೂತಿರುವ ತಿಂಡಿ). ಇದರ ಮೊದಲರ್ಧ ಡೋ. ಇದು ‘ಓ’ ಗುಂಪು.
4. ಥ್ರೂ (‘ಫ್ರೆಂಡ್ ಥ್ರೂ ಕೆಲಸ ಸಿಕ್ತು’ ಅನ್ನುತ್ತೇವಲ್ಲ, ಆ ಥ್ರೂ). ಇದು ‘ಊ’ ಗುಂಪು. ಒಂಟಿ ಗುಂಪು ಅಂದರೂ ಸರಿ.
5. ಥರೋ (‘ಸಬ್ಜೆಕ್ಟ್ ಥರೋ ಆಗಿ ಓದಿದೀನಿ’ ಅನ್ನುವಾಗಿನ ಥರೋ).
6. ಥಾಟ್ (‘ಒಳ್ಳೇ ಥಾಟ್’ ಅನ್ನುವಾಗಿನ ಥಾಟ್). ಬಾಲದ ಕೊನೆಗೆ ಒಂದು ಟಿ ಅಂಟಿಕೊಂಡಿರುವ ‘ಆಟ್’ ಗುಂಪು.

ಏಳನೇ ಗುಂಪೂ ಒಂದಿದೆ, ‘ಔ’ ಸದ್ದಿನದು. ಅದರ ಪದಗಳು ನಮ್ಮ ಮಾತಿನಲ್ಲಿ ಅಷ್ಟಾಗಿ ಓಡಾಡುವುದಿಲ್ಲ. ಅದನ್ನು ಹಂತ 5ಕ್ಕೆ ಇಡೋಣ.

ಎಚ್ಚರ: ಪದಗಳನ್ನು ಎ-ಬಿ-ಸಿ-ಡಿ ಅನುಕ್ರಮದಲ್ಲಿ ಬರೆದು ಬಾಯಿಪಾಠ ಮಾಡಬೇಡಿ. ಹಾಗೆ ಮಾಡಿದರೆ ಥರೋ, ದೋ, ಥಾಟ್, ಥ್ರೂ ಎಲ್ಲ ಒಂದರ ಕೆಳಗೊಂದು ಬಂದು ಇನ್ನಷ್ಟು ಕಲಸಿಹೋಗುತ್ತವೆ. ಎಷ್ಟೋ ಗೈಡ್‌ಗಳು ಪಟ್ಟಿ ಕೊಡುವುದು ಹೀಗೇ. ಗೊಂದಲಕ್ಕೆ ಅರ್ಧ ಕಾರಣ ಅದೇ ಅಂತ ನನ್ನ ಅನಿಸಿಕೆ.

ಹಂತ 2: ‘ಆಟ್’ ಗುಂಪು. ಮೊದಲು ಇದನ್ನೇ ಮುಗಿಸಿ

ಯಾಕೆಂದರೆ ಇದೊಂದೇ ಗುಂಪು ಮಾತು ಕೇಳುತ್ತದೆ. ಬಾಲದ ಹಿಂದೆ ಟಿ ಬಂತು ಅಂದರೆ ‘ಆಟ್’ ಅಂತ ಓದಿ. ಡ್ರೌಟ್ ಎಂಬ ಒಂದು ಪದ ಬಿಟ್ಟರೆ, ನಿಮಗೆ ಸಿಗುವ ಪದಗಳೆಲ್ಲ ಇದಕ್ಕೆ ಒಪ್ಪುತ್ತವೆ. ‘ಆ’ ಸದ್ದು ಫೋನ್ ಕಾಲ್, ಮದುವೆ ಹಾಲ್ ಅನ್ನುವಾಗ ತುಟಿ ಸ್ವಲ್ಪ ದುಂಡಗಾಗಿ ಬರುವಂಥದ್ದು. ಬಾಟ್ ಅನ್ನು ‘ಬೋಟ್’ ಅಂದರೆ ಕೇಳುವವರಿಗೆ ದೋಣಿ ಕಾಣುತ್ತದೆ.

ಈ ಗುಂಪಿನ ಐದು ಪದ ನಡೆದುಹೋದ ಕೆಲಸ ಹೇಳುವ ಕ್ರಿಯಾಪದಗಳು:

ಬೈ (ಕೊಳ್ಳು) → ಬಾಟ್, ತಲೆ ಬಿ.
ಬ್ರಿಂಗ್ (ತರು) → ಬ್ರಾಟ್, ತಲೆ ಬಿ-ಆರ್.
ಥಿಂಕ್ (ಯೋಚಿಸು) → ಥಾಟ್, ತಲೆ ಟಿ-ಎಚ್.
ಫೈಟ್ (ಹೋರಾಡು) → ಫಾಟ್, ತಲೆ ಎಫ್.
ಸೀಕ್ (ಕೋರು, ಹುಡುಕು) → ಸಾಟ್, ತಲೆ ಎಸ್.

ಬಾಟ್ ಮತ್ತು ಬ್ರಾಟ್ ನಡುವೆ ಎಡವುವವರು ತುಂಬಾ ಜನ. ಸ್ಪೆಲ್ಲಿಂಗ್ ನೆನಪಿಡುವುದು ಸುಲಭ: ಬ್ರಿಂಗ್‌ನಲ್ಲಿ ಆರ್ ಇದೆ, ಆದ್ದರಿಂದ ಬ್ರಾಟ್‌ನಲ್ಲೂ ಆರ್ ಇದೆ. ಬೈನಲ್ಲಿ ಇಲ್ಲ, ಬಾಟ್‌ನಲ್ಲೂ ಇಲ್ಲ. ಆದರೆ ನಿಜವಾದ ತೊಂದರೆ ಇರುವುದು ಅರ್ಥದಲ್ಲಿ. ‘ಸಂತೆಯಿಂದ ತರಕಾರಿ ತಂದ್ವಿ’ ಅನ್ನುತ್ತೇವೆ. ದುಡ್ಡು ಕೊಟ್ಟೇ ತಂದದ್ದು, ಆದರೂ ‘ಕೊಂಡ್ವಿ’ ಅನ್ನುವುದಿಲ್ಲ. ನಮ್ಮಲ್ಲಿ ‘ತರು’ ಎರಡೂ ಕೆಲಸ ಮಾಡುತ್ತದೆ. ಅದನ್ನೇ ಇಂಗ್ಲಿಷಿಗೆ ಹಾಕುವಾಗ ‘ವಿ ಬ್ರಾಟ್ ಎ ನ್ಯೂ ಫ್ರಿಜ್’ ಅಂದುಬಿಡುತ್ತೇವೆ. ಕೇಳಿದವರು ಫ್ರಿಜ್ಜನ್ನು ಎಲ್ಲಿಂದಲೋ ಹೊತ್ತು ತಂದಿರಿ ಅಂದುಕೊಳ್ಳುತ್ತಾರೆ. ದುಡ್ಡು ಕೈ ಬಿಟ್ಟಿದ್ದರೆ ಬಾಟ್. ವಸ್ತು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಬಂದಿದ್ದರೆ ಬ್ರಾಟ್. ಹಾಗಾಗಿ ‘ಐ ಬಾಟ್ ಸ್ವೀಟ್ಸ್ ಅಂಡ್ ಬ್ರಾಟ್ ದೆಮ್ ಹೋಮ್’ ಅನ್ನಬಹುದು. ಸಿಹಿ ಕೊಂಡೆ, ಮನೆಗೆ ತಂದೆ.

ಸಾಟ್ ಆಫೀಸಿನ ಪದ. ಮೇಲಿನಿಂದ ಬರುವ ಕಾಗದದಲ್ಲಿ ‘ಕ್ಲಾರಿಫಿಕೇಶನ್ ಸಾಟ್’ ಅಂತ ಇದ್ದರೆ ವಿವರಣೆ ಕೇಳಿದ್ದಾರೆ ಅಂತ ಅರ್ಥ.

ಈ ಗುಂಪಿನಲ್ಲಿ ಇನ್ನೂ ಮೂರು ಪದ ಇವೆ. ತಲೆಯೇ ಇಲ್ಲದ ಪದ ಆಟ್, ಅಂದರೆ ಬರೀ ಬಾಲ ಮತ್ತು ಟಿ. ‘ಹಾಗೆ ಮಾಡುವುದು ಸರಿ’ ಎಂಬರ್ಥದ ‘ಬೇಕು’ ಇದು. ‘ಯು ಆಟ್ ಟು ಮೀಟ್ ಯುವರ್ ಟೀಚರ್’ ಅಂದರೆ ನೀವು ಮೇಷ್ಟರನ್ನು ನೋಡಲೇಬೇಕು, ಅದು ನಿಮ್ಮ ಕರ್ತವ್ಯ. ಶುಡ್ ಆದಮೇಲೆ ‘ಟು’ ಬರುವುದಿಲ್ಲ, ಆಟ್ ಆದಮೇಲೆ ಬರಲೇಬೇಕು. ಪರೀಕ್ಷೆಯಲ್ಲಿ ಇದನ್ನೇ ಕೇಳುತ್ತಾರೆ. ಎರಡನೆಯದು ನಾಟ್, ಎನ್ ತಲೆಯದು. ಸೊನ್ನೆ ಅಂತ ಅರ್ಥ, ಬ್ರಿಟಿಷರ ಬಳಕೆ. ಮೂರನೆಯದು ರಾಟ್, ತಲೆ ಡಬ್ಲ್ಯು-ಆರ್, ಡಬ್ಲ್ಯುಗೆ ಸದ್ದಿಲ್ಲ. ಗೇಟು, ಗ್ರಿಲ್ಲು ಮಾಡುವವರ ‘ರಾಟ್ ಐರನ್’ ಇದೇ. ಇದು ವರ್ಕ್ ಎಂಬ ಕ್ರಿಯಾಪದದ ಹಳೆಯ ರೂಪ. ಬಡಿದು, ಕಾಯಿಸಿ ಕೆಲಸ ಮಾಡಿದ ಕಬ್ಬಿಣ ಅಂತ ಅರ್ಥ.

ಎಚ್ಚರ: ಇದೇ ಸದ್ದಿಗೆ ಇನ್ನೊಂದು ಸ್ಪೆಲ್ಲಿಂಗ್ ಇದೆ, ಎ-ಯು-ಜಿ-ಎಚ್-ಟಿ. ಕ್ಯಾಚ್‌ನ ಕಾಟ್ ಮತ್ತು ಟೀಚ್‌ನ ಟಾಟ್ ಆ ಕಡೆಯವು. ಯಾವುದಕ್ಕೆ ಓ, ಯಾವುದಕ್ಕೆ ಎ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಸುಲಭದ ಉಪಾಯ ಇದೆ. ಮೂಲ ಕ್ರಿಯಾಪದ ನೋಡಿ. ಕ್ಯಾಚ್ ಮತ್ತು ಟೀಚ್ ಎರಡರ ಸ್ಪೆಲ್ಲಿಂಗ್‌ನಲ್ಲೂ ‘ಎ’ ಅಕ್ಷರ ಇದೆ. ಬೈ, ಬ್ರಿಂಗ್, ಥಿಂಕ್, ಫೈಟ್, ಸೀಕ್ ಈ ಐದರಲ್ಲೂ ‘ಎ’ ಇಲ್ಲ. ಮೂಲದಲ್ಲಿ ಎ ಇದ್ದರೆ ಎ, ಇಲ್ಲದಿದ್ದರೆ ಓ. ಈ ಏಳು ಪದಗಳಿಗೆ ಇದು ಎಲ್ಲೂ ತಪ್ಪುವುದಿಲ್ಲ.

ಹಂತ 3: ಒಂದೇ ಥರ ಕಾಣುವ ಆರು ಪದಗಳನ್ನು ಬಿಡಿಸಿಕೊಳ್ಳಿ

ಅಸಲಿ ಕಾಟ ಇಲ್ಲಿದೆ. ಈ ಆರು ಪದಗಳನ್ನು ಇಂಗ್ಲಿಷಿನಲ್ಲಿ ಒಂದರ ಕೆಳಗೊಂದು ಬರೆದು ಎದುರಿಗಿಟ್ಟುಕೊಳ್ಳಿ.

ಟಫ್: ತಲೆ ಟಿ. ಕಷ್ಟ, ಗಟ್ಟಿ.
ದೋ: ತಲೆ ಟಿ-ಎಚ್. ಆದರೂ.
ಟ್ರಾಫ್: ತಲೆ ಟಿ-ಆರ್. ಬಾನಿ, ತೊಟ್ಟಿ.
ಥ್ರೂ: ತಲೆ ಟಿ-ಎಚ್-ಆರ್. ಮೂಲಕ, ಹಾದು.
ಥರೋ: ತಲೆ ಟಿ-ಎಚ್-ಓ-ಆರ್. ಕೂಲಂಕಷ.
ಥಾಟ್: ತಲೆ ಟಿ-ಎಚ್, ಕೊನೆಗೆ ಟಿ. ಯೋಚನೆ, ಯೋಚಿಸಿದ.

ಈಗ ಒಂದೊಂದಾಗಿ ನೋಡೋಣ. ಮೊದಲು ದೋ. ಇಲ್ಲಿ ಟಿ-ಎಚ್ ‘ದ’ಗೆ ಹತ್ತಿರ, ದಿಸ್, ದಟ್ ಪದಗಳಲ್ಲಿರುವ ಹಾಗೆ. ಥ್ರೂ, ಥರೋ, ಥಾಟ್‌ಗಳಲ್ಲಿ ಅದು ‘ಥ’ಗೆ ಹತ್ತಿರ. ದೋ ಬಂದ ಕಡೆ ಬಟ್ ಬೇಡ. ‘ದೋ ಇಟ್ ವಾಸ್ ರೇನಿಂಗ್, ಬಟ್ ವಿ ವೆಂಟ್’ ಅನ್ನುವುದು ತಪ್ಪು. ‘ಮಳೆ ಬರ್ತಿದ್ರೂ ಹೋದ್ವಿ’ ಅನ್ನುವಲ್ಲಿ ‘ರೂ’ ಒಂದೇ ಸಾಕಲ್ಲ, ಹಾಗೇ ಇಂಗ್ಲಿಷಿನಲ್ಲೂ ಎರಡರಲ್ಲಿ ಒಂದು ಸಾಕು. ಮಾತಿನಲ್ಲಿ ದೋ ವಾಕ್ಯದ ಕೊನೆಗೂ ಬರುತ್ತದೆ. ‘ದ ಫುಡ್ ವಾಸ್ ಗುಡ್, ದೋ’ ಅಂದರೆ ‘ಊಟ ಚೆನ್ನಾಗಿತ್ತು ಆದ್ರೂ’. ನಾವು ಹೇಳುವ ಧಾಟಿಯೇ! ಆಲ್‌ದೋ ಅಂದರೂ ಅದೇ ಅರ್ಥ, ಆದರೆ ಅದನ್ನು ಕೊನೆಗೆ ಹಾಕುವಂತಿಲ್ಲ. ‘ಆ್ಯಸ್ ದೋ’ ಬೇರೆ. ‘ಗೊತ್ತಿಲ್ಲದವರ ಹಾಗೆ’ ಅನ್ನುವಾಗಿನ ‘ಹಾಗೆ’ ಅದು.

ಥ್ರೂ ಮತ್ತು ಥರೋ ಅಣ್ಣತಮ್ಮಂದಿರು. ಇದು ಬರೀ ಮಾತಿಗೆ ಹೇಳಿದ್ದಲ್ಲ. ಹಳೆಯ ಇಂಗ್ಲಿಷಿನಲ್ಲಿ ಎರಡೂ ಒಂದೇ ಪದವಾಗಿದ್ದವು. ಒತ್ತಿ ಹೇಳಿದ ರೂಪ ಬೇರೆಯಾಗಿ ಥರೋ ಆಯಿತು. ಪುಸ್ತಕದ ಈ ತುದಿಯಿಂದ ಆ ತುದಿವರೆಗೆ ಹಾದುಹೋದರೆ ಥ್ರೂ. ಹಾದುಹೋಗುವಾಗ ಒಂದು ಸಾಲನ್ನೂ ಬಿಡದಿದ್ದರೆ ಥರೋ. ಥರೋಫೇರ್ ಅಂದರೆ ಹಾದುಹೋಗುವ ರಸ್ತೆ, ಆಚೆ ಕಡೆ ಮುಚ್ಚಿರದ ರಸ್ತೆ. ಈ ನೆಂಟಸ್ತಿಕೆ ಗೊತ್ತಿದ್ದರೆ ಅರ್ಥ ಮರೆಯುವುದಿಲ್ಲ. ಸ್ಪೆಲ್ಲಿಂಗ್ ವಿಷಯದಲ್ಲಿ, ಥರೋ ಅನ್ನುವಾಗ ಬಾಯಿ ಎರಡು ಸಲ ತೆರೆಯುತ್ತದೆ, ಥ-ರೋ ಅಂತ. ಆದ್ದರಿಂದ ಓ ಕೂಡ ಎರಡು. ಥ್ರೂಗೆ ಒಂದೇ ಸಲ, ಒಂದೇ ಓ. ಅಂದಹಾಗೆ ಬ್ರಿಟಿಷರು ಈ ಪದದ ಕೊನೆಯನ್ನು ನುಂಗಿ ‘ಥರ’ ಅನ್ನುತ್ತಾರೆ. ನಮ್ಮ ‘ಥರೋ’ ಅಮೆರಿಕನ್ನರ ಕಡೆಗೆ ಹತ್ತಿರ. ಎರಡೂ ಸರಿ.

ಟ್ರಾಫ್ ನಮಗೆ ಅಪರೂಪ. ದನಕ್ಕೆ ನೀರು, ಕಲಗಚ್ಚು ಹಾಕುವ ಬಾನಿ ಅಂದರೆ ಟ್ರಾಫ್. ಮಳೆಗಾಲದ ಹವಾಮಾನ ವರದಿಯಲ್ಲಿ ‘ಆಫ್‌ಶೋರ್ ಟ್ರಾಫ್’ ಬರುತ್ತದೆ. ಕರಾವಳಿಗುಂಟ ಉದ್ದಕ್ಕೆ ಚಾಚಿರುವ ಕಡಿಮೆ ಒತ್ತಡದ ಪಟ್ಟಿ ಅದು. ಅದು ಬಲವಾಗಿದ್ದರೆ ಮಂಗಳೂರು, ಕಾರವಾರದ ಕಡೆ ಮಳೆ ಜೋರು. ಈ ಪದ ಬಳಸುವ ಸಂದರ್ಭ ನಿಮಗೆ ಬರದೇ ಇರಬಹುದು. ಆದರೆ ಥ್ರೂ ಬರೆಯಲು ಹೋಗಿ ಒಂದು ಎಚ್ ಬಿಟ್ಟರೆ ಆಗುವುದು ಇದೇ. ಅದಕ್ಕೇ ಇಲ್ಲಿ ಸೇರಿಸಿದ್ದು.

ಎಚ್ಚರ: ಇದು ಇಡೀ ಲೇಖನದಲ್ಲಿ ಮುಖ್ಯವಾದ ಎಚ್ಚರಿಕೆ. ಈ ಆರೂ ಡಿಕ್ಷನರಿಯಲ್ಲಿರುವ ಪದಗಳು. ಆದ್ದರಿಂದ ಒಂದರ ಬದಲು ಇನ್ನೊಂದು ಟೈಪ್ ಮಾಡಿದರೆ ಕಂಪ್ಯೂಟರ್ ಎಷ್ಟೋ ಸಲ ಕೆಂಪು ಗೆರೆ ಎಳೆಯುವುದಿಲ್ಲ. ಸರ್ಕಾರಿ ನೌಕರರು ಅರ್ಜಿಯ ಮೇಲೆ ‘ಥ್ರೂ ಪ್ರಾಪರ್ ಚಾನೆಲ್’ ಅಂತ ಬರೆಯುತ್ತಾರೆ, ಅಂದರೆ ಮೇಲಧಿಕಾರಿಗಳ ಮೂಲಕ ಅಂತ. ಅಲ್ಲಿ ಎಚ್ ಬಿಟ್ಟರೆ ‘ಬಾನಿ ಪ್ರಾಪರ್ ಚಾನೆಲ್’, ಆರ್ ಬಿಟ್ಟರೆ ‘ಆದರೂ ಪ್ರಾಪರ್ ಚಾನೆಲ್’. ಕಂಪ್ಯೂಟರ್ ಸುಮ್ಮನಿರುತ್ತದೆ, ಓದಿದ ಮೇಲಧಿಕಾರಿ ಸುಮ್ಮನಿರುವುದಿಲ್ಲ.

ಹಂತ 4: ‘ಫ್’ ಬರುವ ಪದಗಳು

ಬಾಲದ ಜಿ-ಎಚ್ ‘ಫ್’ ಆಗುವ ಪದಗಳು ಕಡಿಮೆ. ರಫ್, ಟಫ್, ಇನಫ್ ಒಂದು ಕಡೆ. ಕಾಫ್, ಟ್ರಾಫ್ ಇನ್ನೊಂದು ಕಡೆ. ದಿನಬಳಕೆಗೆ ಇಷ್ಟೇ. ರಫ್ ಅಂದರೆ ಒರಟು, ಕಚ್ಚಾ, ಅಂದಾಜು ಈ ಮೂರೂ. ಡಾಕ್ಟರ್ ‘ರಫೇಜ್ ಜಾಸ್ತಿ ತಿನ್ನಿ’ ಅಂದರೆ ಸೊಪ್ಪು, ಕಾಳು, ನಾರಿನಂಶ ಇರುವುದನ್ನು ತಿನ್ನಿ ಅಂತ. ಅದು ಈ ರಫ್‌ನಿಂದಲೇ ಬಂದದ್ದು.

ಇನಫ್, ತಲೆ ಇ-ಎನ್. ಅರ್ಥ ಸಾಕು, ಸಾಕಷ್ಟು. ‘ಎನಫ್’ ಅಂತ ಎ ಎಳೆಯಬೇಡಿ, ‘ಇನಫ್’ ಅನ್ನಿ. ಈ ಪದದಲ್ಲಿ ಸ್ಪೆಲ್ಲಿಂಗ್‌ಗಿಂತ ಜಾಗ ಮುಖ್ಯ. ನಾವು ‘ಸಾಕಷ್ಟು ದುಡ್ಡು’, ‘ಸಾಕಷ್ಟು ದೊಡ್ಡದು’ ಅಂತ ಎರಡು ಕಡೆಯೂ ‘ಸಾಕಷ್ಟು’ ಮೊದಲು ಹಾಕುತ್ತೇವೆ. ಇಂಗ್ಲಿಷಿನಲ್ಲಿ ವಸ್ತುವಿನ ಹೆಸರಿದ್ದರೆ ಇನಫ್ ಮೊದಲು: ‘ಇನಫ್ ಮನಿ’. ಗುಣ ಹೇಳುವ ಪದವಿದ್ದರೆ ಇನಫ್ ಕೊನೆಗೆ: ‘ಬಿಗ್ ಇನಫ್’. ‘ದ ಹಾಲ್ ಈಸ್ ಇನಫ್ ಬಿಗ್’ ಅಂದರೆ ಕನ್ನಡ ಇಣುಕುತ್ತದೆ.

ಹಂತ 5: ‘ಔ’ ಗುಂಪು, ಹೊಲದ ಪದಗಳು

ಕೌ, ನೌ ಅನ್ನುವಾಗಿನ ಸದ್ದು. ಇಲ್ಲಿ ಮುಖ್ಯವಾದವು ಮೂರು. ಪ್ಲೌ, ತಲೆ ಪಿ-ಎಲ್, ಅಂದರೆ ನೇಗಿಲು ಅಥವಾ ಉಳು. ಬೌ, ತಲೆ ಬಿ, ಅಂದರೆ ಮರದ ದೊಡ್ಡ ಕೊಂಬೆ. ಡ್ರೌಟ್, ತಲೆ ಡಿ-ಆರ್, ಕೊನೆಗೆ ಟಿ, ಅಂದರೆ ಬರಗಾಲ. ನೇಗಿಲು, ಕೊಂಬೆ, ಬರ. ಮೂರೂ ಹೊಲ-ತೋಟದವು ಅಂತ ಒಟ್ಟಿಗೆ ನೆನಪಿಟ್ಟುಕೊಳ್ಳಿ.

ಎಚ್ಚರ: ಡ್ರೌಟ್‌ನ ಓ ಬದಲು ಎ ಹಾಕಿದರೆ ಅದು ಡ್ರಾಟೂ ಅಲ್ಲ, ಡ್ರೌಟೂ ಅಲ್ಲ, ಡ್ರಾಫ್ಟ್! ಬೆಂಗಳೂರಿನ ಪಬ್‌ಗಳ ಬೋರ್ಡಿನಲ್ಲಿ ಕಾಣುವ ‘ಡ್ರಾಫ್ಟ್ ಬಿಯರ್’ ಅದು. ಐಟಿಐಯ ‘ಡ್ರಾಫ್ಟ್ಸ್‌ಮನ್ ಸಿವಿಲ್’ ಟ್ರೇಡಿನ ಸ್ಪೆಲ್ಲಿಂಗ್ ಕೂಡ ಹೀಗೇ. ಅರ್ಜಿ ತುಂಬುವಾಗ ನೋಡಿಕೊಂಡು ಬರೆಯಿರಿ.

ಹಂತ 6: ‘ಓ’ ಗುಂಪು ಮತ್ತು ಅಡುಗೆಮನೆ

ದೋ ಆಗಲೇ ಆಯಿತು. ಇನ್ನು ಡೋ, ತಲೆ ಡಿ. ಚಪಾತಿಗೆ ಕಲಸಿದ ಹಿಟ್ಟು, ಹೋಳಿಗೆಯ ಕಣಕ, ಇವೆಲ್ಲ ಡೋ. ದೋಸೆ ಹಿಟ್ಟು ಡೋ ಅಲ್ಲ. ಅದು ಸುರಿಯಬಹುದಾದ ಹಿಟ್ಟು, ಬ್ಯಾಟರ್. ಕನ್ನಡದಲ್ಲಿ ಎಲ್ಲವೂ ಹಿಟ್ಟೇ ಆದ್ದರಿಂದ ಈ ತಪ್ಪು ಸಹಜ. ಕೈಯಲ್ಲಿ ಉಂಡೆ ಕಟ್ಟಲು ಬಂದರೆ ಡೋ, ಸೌಟಿನಲ್ಲಿ ಹುಯ್ಯಲು ಬಂದರೆ ಬ್ಯಾಟರ್.

ಫರ್ಲೋ ಕೂಡ ಈ ಗುಂಪಿನದೇ, ತಲೆ ಎಫ್-ಯು-ಆರ್-ಎಲ್. ರಜೆ ಅಂತ ಅರ್ಥ. ಜೈಲಿನ ಸುದ್ದಿಗಳಲ್ಲಿ ಪೆರೋಲ್ ಜೊತೆಗೆ ಈ ಪದ ಬರುತ್ತದೆ. ಕಂಪನಿಗಳು ಕೆಲಸ ಇಲ್ಲದಾಗ ನೌಕರರನ್ನು ಸ್ವಲ್ಪ ಕಾಲ ಮನೆಗೆ ಕಳಿಸುವುದಕ್ಕೂ ಇದೇ ಪದ. ಕೆಲಸದಿಂದ ತೆಗೆದಂತೆ ಅಲ್ಲ, ಮತ್ತೆ ಕರೆಸಿಕೊಳ್ಳುವ ಲೆಕ್ಕ. ಕೋವಿಡ್ ಕಾಲದಲ್ಲಿ ಬ್ರಿಟನ್ನಿನಲ್ಲಿ ಈ ಮಾತು ಮನೆಮಾತಾಗಿತ್ತು.

ಹಂತ 7: ಊರ ಹೆಸರುಗಳು ಮತ್ತು ಒಂಟಿ ಪದಗಳು

ಹೊರದೇಶಕ್ಕೆ ಓದಲು ಹೋಗುವವರಿಗೆ ಇದು ಬೇಕು, ಉಳಿದವರು ಒಮ್ಮೆ ಓದಿದರೆ ಸಾಕು. ಬರೋ, ತಲೆ ಬಿ-ಓ-ಆರ್, ಅಂದರೆ ನಗರಾಡಳಿತದ ಒಂದು ಭಾಗ. ಥರೋ ಥರವೇ ಉಚ್ಚಾರಣೆ. ನ್ಯೂಯಾರ್ಕ್‌ನಲ್ಲಿ 5 ಬರೋಗಳಿವೆ, ಲಂಡನ್ನಿನಲ್ಲಿ 32. ಥೇಮ್ಸ್ ನದಿ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಇರುವುದು ಲ್ಯಾಂಬೆತ್ ಎಂಬ ಬರೋದಲ್ಲಿ.

ಹೀಥ್ರೋ ವಿಮಾನ ನಿಲ್ದಾಣದ ಹತ್ತಿರ ಎಸ್-ಎಲ್ ತಲೆಯ ಒಂದು ಊರಿದೆ. ಅದು ‘ಸ್ಲೌ’. ಅದೇ ಅಕ್ಷರಗಳನ್ನು ‘ಸ್ಲಫ್’ ಅಂತ ಓದಿದರೆ ಹಾವು ಪೊರೆ ಬಿಡುವ ಕ್ರಿಯೆ. ಲೆಸ್ಟರ್‌ಶೈರ್‌ನಲ್ಲಿ ಒಂದು ವಿಶ್ವವಿದ್ಯಾಲಯದ ಊರಿದೆ, ಅದರ ಹೆಸರಿನಲ್ಲಿ ಬಾಲ ಎರಡು ಸಲ ಬರುತ್ತದೆ, ಎರಡು ಸಲವೂ ಬೇರೆ ಸದ್ದು: ಲಫ್‌ಬರ. ರೈಲ್ವೆ ಕೌಂಟರಿನಲ್ಲಿ ‘ಲೌಗ್‌ಬರೌಗ್’ ಅಂತ ಕೇಳಿದರೆ ಟಿಕೆಟ್ ಸಿಗುವುದು ತಡವಾಗಬಹುದು. ಐರ್ಲೆಂಡಿನಲ್ಲಿ ಎಲ್ ತಲೆಯ ಪದಕ್ಕೆ ಕೆರೆ, ಸರೋವರ ಅಂತ ಅರ್ಥ. ಸದ್ದು ‘ಲಾಖ್’. ಮೊದಲು ಹೇಳಿದ ಆ ಗಂಟಲಿನ ಸದ್ದು ಅಲ್ಲಿ ಇನ್ನೂ ಬದುಕಿದೆ.

ಬಿಕ್ಕಳಿಕೆಗೆ ಹಿಕಪ್ ಅನ್ನುತ್ತಾರೆ. ಅದನ್ನು ಕೆಲವರು ಎಚ್-ಐ-ಸಿ-ಸಿ ತಲೆ ಮತ್ತು ಬಾಲ ಹಾಕಿ ಬರೆಯುತ್ತಾರೆ. ಕೆಮ್ಮಿಗೂ ಬಿಕ್ಕಳಿಕೆಗೂ ನಂಟಿದೆ ಅಂದುಕೊಂಡು ಹಿಂದೆ ಯಾರೋ ಕಾಫ್‌ನ ಸ್ಪೆಲ್ಲಿಂಗ್ ತಂದು ಅಂಟಿಸಿದ್ದರ ಫಲ. ಓದಿದರೆ ಹಿಕಪ್ಪೇ. ನೀವು ಸುಮ್ನೆ ಯು-ಪಿ ಹಾಕಿ ಬರೆಯಿರಿ, ಅದೇ ಈಗ ಹೆಚ್ಚು ಬಳಕೆಯಲ್ಲಿರುವುದು.

ಹಂತ 8: ಅಮೆರಿಕದ ಮೋಟು ಸ್ಪೆಲ್ಲಿಂಗ್ ಎಲ್ಲಿ ಬಳಸಬಹುದು?

ವಾಟ್ಸ್ಆ್ಯಪ್‌ನಲ್ಲಿ ಟಿ-ಎಚ್-ಓ, ಟಿ-ಎಚ್-ಆರ್-ಯು ಅಂತ ಬರೆಯುತ್ತೇವೆ. ಇದು ಇಂದಿನ ಮೊಬೈಲ್ ಹುಡುಗರು ಕಂಡುಹಿಡಿದದ್ದಲ್ಲ. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಸರ್ಕಾರಿ ಮುದ್ರಣಾಲಯಕ್ಕೆ 300 ಪದಗಳ ಸರಳ ಸ್ಪೆಲ್ಲಿಂಗ್ ಬಳಸಲು ಆದೇಶ ಕೊಟ್ಟಿದ್ದ. ಆ ಪಟ್ಟಿಯಲ್ಲಿ ಇವೂ ಇದ್ದವು. ಅಮೆರಿಕದ ಸಂಸತ್ತು ಅದೇ ವರ್ಷ ಅದಕ್ಕೆ ತಡೆ ಹಾಕಿತು. ಶಿಕಾಗೋ ಟ್ರಿಬ್ಯೂನ್ ಪತ್ರಿಕೆ 1934ರಿಂದ ಇಂಥ ಸ್ಪೆಲ್ಲಿಂಗ್‌ಗಳನ್ನು ಅಚ್ಚು ಹಾಕಿತು, 1975ರಲ್ಲಿ ಅದೂ ಕೈಬಿಟ್ಟಿತು. ನನಗೆ ಕೇಳಿದರೆ, ಆ ಪ್ರಯತ್ನ ಗೆದ್ದಿದ್ದರೆ ಚೆನ್ನಾಗಿತ್ತು.

ಈಗಿನ ಲೆಕ್ಕ ಹೀಗೆ. ಡೋನಟ್‌ನ ಮೋಟು ರೂಪ ಎಲ್ಲ ಕಡೆ ನಡೆಯುತ್ತದೆ. ನೇಗಿಲಿಗೆ ಪಿ-ಎಲ್-ಓ-ಡಬ್ಲ್ಯು ಎಂಬುದು ಅಮೆರಿಕದಲ್ಲಿ ಸರಿಯಾದ ಸ್ಪೆಲ್ಲಿಂಗ್, ನಮ್ಮ ಪರೀಕ್ಷೆಗಳಲ್ಲಿ ಬ್ರಿಟಿಷ್ ರೂಪ ಬರೆಯುವುದೇ ಕ್ಷೇಮ. ಥ್ರೂ, ದೋಗಳ ಮೋಟು ರೂಪ ಚಾಟ್‌ಗೆ ಮತ್ತು ‘ಡ್ರೈವ್ ಥ್ರೂ’ ಬೋರ್ಡುಗಳಿಗೆ ಸರಿ. ಅರ್ಜಿ, ಉತ್ತರ ಪತ್ರಿಕೆ, ಬಯೋಡೇಟಾದಲ್ಲಿ ಬೇಡ.

ಹಂತ 9: ಅಭ್ಯಾಸ

ದಿನಕ್ಕೆ ಒಂದೇ ಗುಂಪು. ಆ ಗುಂಪಿನ ಪದಗಳಿಗೆ ನಿಮ್ಮದೇ ಮನೆ, ಆಫೀಸಿನ ವಿಷಯ ಇಟ್ಟುಕೊಂಡು ಒಂದೊಂದು ವಾಕ್ಯ ಬರೆಯಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿ, ಅನುಮಾನ ಬಂದಲ್ಲಿ ಡಿಕ್ಷನರಿಯ ಸ್ಪೀಕರ್ ಒತ್ತಿ. ಎಲ್ಲ ಗುಂಪು ಮುಗಿದ ಮೇಲೆ ಮನೆಯವರ ಕೈಯಲ್ಲಿ ನೋಟ್‌ಬುಕ್ ಕೊಟ್ಟು ಕನ್ನಡ ಅರ್ಥ ಹೇಳಿಸಿ. ಅವರು ‘ಬರಗಾಲ’ ಅಂದರೆ ನೀವು ಡ್ರೌಟ್ ಅಂತ ಹೇಳಿ, ಸ್ಪೆಲ್ಲಿಂಗ್ ಬರೆಯಬೇಕು. ಇಂಗ್ಲಿಷ್ ಪದ ಹೇಳಿಸಿ ಬರೆಯುವ ಡಿಕ್ಟೇಶನ್‌ಗಿಂತ ಇದು ಹೆಚ್ಚು ಉಪಯೋಗ, ಯಾಕೆಂದರೆ ಅರ್ಥ, ಸದ್ದು, ಸ್ಪೆಲ್ಲಿಂಗ್ ಮೂರೂ ಒಟ್ಟಿಗೆ ಬರುತ್ತವೆ.

ಗುಂಪುಗಳು ಕೈಗೆ ಹತ್ತಿದ ಮೇಲೆ ಬೆರೆಸಿ ಓದಲು ಈ ವಾಕ್ಯ ಇಟ್ಟುಕೊಳ್ಳಿ: ‘ದೋ ದ ರೋಡ್ ವಾಸ್ ರಫ್, ವಿ ವೆಂಟ್ ಥ್ರೂ ದ ಡ್ರೌಟ್ ಏರಿಯಾ ಅಂಡ್ ಬ್ರಾಟ್ ಬ್ಯಾಕ್ ಎ ಥರೋ ರಿಪೋರ್ಟ್.’ ರಸ್ತೆ ಕೆಟ್ಟಿದ್ದರೂ ಬರಪೀಡಿತ ಪ್ರದೇಶದಲ್ಲಿ ಹಾದುಹೋಗಿ ಕೂಲಂಕಷ ವರದಿ ತಂದೆವು ಅಂತ ಅರ್ಥ. ಒಂದೇ ವಾಕ್ಯದಲ್ಲಿ ಆರು ಪದ. ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ತಡೆಯದೆ ಬರೆಯಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಹಂತ 10: ಕಳಿಸುವ ಮುಂಚೆ ಒಂದು ತಪಾಸಣೆ

ಕಂಪ್ಯೂಟರಿನಲ್ಲಿ ಅರ್ಜಿಯನ್ನೋ ಈಮೇಲನ್ನೋ ಬರೆದಿದ್ದರೆ ಕಂಟ್ರೋಲ್ ಮತ್ತು ಎಫ್ ಕೀಲಿ ಒಟ್ಟಿಗೆ ಒತ್ತಿ. ಹುಡುಕುವ ಪೆಟ್ಟಿಗೆ ತೆರೆಯುತ್ತದೆ. ಅದರಲ್ಲಿ ಬರೀ ಓ-ಯು-ಜಿ-ಎಚ್ ನಾಲ್ಕು ಅಕ್ಷರ ಹಾಕಿ. ಬಾಲ ಇರುವ ಪದಗಳೆಲ್ಲ ಒಂದೊಂದಾಗಿ ಕಾಣಿಸುತ್ತವೆ. ಪ್ರತಿ ಪದದ ತಲೆ ನೋಡಿ, ಆ ಜಾಗಕ್ಕೆ ಅದರ ಕನ್ನಡ ಅರ್ಥ ಹಾಕಿ ವಾಕ್ಯ ಓದಿ. ‘ಮೂಲಕ’ ಬರಬೇಕಾದಲ್ಲಿ ‘ಆದರೂ’ ಬಂದಿದ್ದರೆ ಆರ್ ಬಿಟ್ಟುಹೋಗಿದೆ. ‘ಕೊಂಡೆವು’ ಬರಬೇಕಾದಲ್ಲಿ ‘ತಂದೆವು’ ಬಂದಿದ್ದರೆ ಆರ್ ಹೆಚ್ಚಾಗಿದೆ. ಮೊಬೈಲಿನಲ್ಲಿ ಟೈಪ್ ಮಾಡುವವರು ಇನ್ನೂ ಒಂದು ಕೆಲಸ ಮಾಡಬೇಕು. ಟಿ-ಎಚ್ ಒತ್ತಿದ ಕೂಡಲೇ ಕೀಬೋರ್ಡ್ ಮೇಲೆ ಮೂರು ಪದ ತೋರಿಸುತ್ತದಲ್ಲ, ಅದರಲ್ಲಿ ಮೊದಲು ಕಂಡದ್ದನ್ನು ಒತ್ತಿಬಿಡಬೇಡಿ. ಪೂರ್ತಿ ಪದವನ್ನು ನೀವೇ ಟೈಪ್ ಮಾಡಿ.